ಕಟ್ಟೆಯೇ ಕಥಾನಾಯಕ: ತೆಕ್ಕಟ್ಟೆಗೊಂದು ನಗೆ ಧಾರಾವಾಹಿ

ತೆಕ್ಕಟ್ಟೆ ಎಂಬ ಹೆಸರಿನಲ್ಲೇ ಒಂದು ಕಟ್ಟೆ ಇದೆ. ಊರ ಹೆಸರಿನ ಮೂಲ ಏನೇ ಇರಲಿ, ಕರಾವಳಿಯ ಪೇಟೆ ಎಂದಮೇಲೆ ಕಟ್ಟೆಯೊಂದು ಇರಲೇಬೇಕು. ಅದು ಅಶ್ವತ್ಥದ ಬುಡವೇ ಆಗಬೇಕೆಂದಿಲ್ಲ. ಹೋಟೆಲಿನ ಎದುರಿನ ಬೆಂಚು, ರಿಕ್ಷಾ ನಿಲ್ದಾಣದ ನೆರಳು, ಸೊಸೈಟಿಯ ಮೆಟ್ಟಿಲು, ಕ್ಷೌರದಂಗಡಿಯ ಉದ್ದ ಹಲಗೆ, ಯಾವುದಾದರೂ ಸರಿ. ಕುಂದಾಪುರದಿಂದ ಉಡುಪಿಗೆ ಹೊರಟ ಬಸ್ಸು ಕುಂಭಾಶಿ ದಾಟಿತೆಂದರೆ ತೆಕ್ಕಟ್ಟೆ. ತೆಕ್ಕಟ್ಟೆ ದಾಟಿತೆಂದರೆ ಕೋಟ. ನಡುವೆ ಬಸ್ಸು ನಿಲ್ಲುವುದು ಅರೆ ನಿಮಿಷ. ಆ ಅರೆ ನಿಮಿಷದಲ್ಲೇ ಇಳಿದವನನ್ನು ಮೂವರು "ಹ್ವಾಯ್, ಎಲ್ಲಿಗ್ ಹೊರ್ಟದ್ದ್?" ಎಂದು ಕೇಳಿರುತ್ತಾರೆ. ಉತ್ತರ ಯಾರಿಗೂ ಬೇಕಿರುವುದಿಲ್ಲ. ಕೇಳುವುದೇ ಮುಖ್ಯ!

ಇಂಥ ಊರಿನಲ್ಲಿ ಧಾರಾವಾಹಿ ದಿನವೂ ನಡೆಯುತ್ತಲೇ ಇರುತ್ತದೆ. ನಿನ್ನೆ ನಿಂತ ಜಗಳ ಇಂದು ಮುಂದುವರಿಯುತ್ತದೆ, ಇಂದಿನ ಗುಸುಗುಸು ನಾಳೆಗೆ ಬೇರೆ ತಿರುವು ಪಡೆಯುತ್ತದೆ. ಕ್ಯಾಮರಾ ಮಾತ್ರ ಇಲ್ಲ ಎಂದುಕೊಂಡರೆ ಅದೂ ಈಗ ಪ್ರತಿಯೊಬ್ಬನ ಕಿಸೆಯಲ್ಲಿದೆ. ಹಾಗಾದರೆ ಊರಿನ ನಾಲ್ಕು ಹುಡುಗ ಹುಡುಗಿಯರು ಸೇರಿ, ಯಾವ ವಾಹಿನಿಯ ಹಂಗೂ ಇಲ್ಲದೆ, ತಮ್ಮದೇ ಪೇಟೆಯ ನಗೆ ಧಾರಾವಾಹಿಯೊಂದನ್ನು ಮಾಡಬಾರದೇಕೆ?

ಮಾಡಬಹುದು. ಆದರೆ ಕ್ಯಾಮರಾಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಒಂದು ಪ್ರಶ್ನೆ ಇದೆ. ನಾವು ನಗಿಸುವುದು ಕುಂದಾಪ್ರ ಕನ್ನಡದಲ್ಲೋ ಅಥವಾ ಕುಂದಾಪ್ರ ಕನ್ನಡವನ್ನು ತೋರಿಸಿಯೋ? ಎರಡೂ ಒಂದೇ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಧಾರಾವಾಹಿಯ ಹಣೆಬರಹ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಸಾಬೂನಿನಿಂದ ಮೂಲೆಯಂಗಡಿಗೆ

ಇಂಗ್ಲಿಷಿನಲ್ಲಿ ಧಾರಾವಾಹಿಗೆ 'ಸೋಪ್ ಒಪೇರಾ' ಎಂಬ ಹೆಸರು ಬಂದದ್ದೇ ಒಂದು ತಮಾಷೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೋಗಳಲ್ಲಿ ಮಧ್ಯಾಹ್ನದ ಹೊತ್ತು ಗೃಹಿಣಿಯರಿಗಾಗಿ ಮುಗಿಯದ ಕಥೆಗಳು ಬರುತ್ತಿದ್ದವು. ಹಣ ಹಾಕುತ್ತಿದ್ದವರು ಸಾಬೂನು ತಯಾರಕರು. ಕಣ್ಣೀರು ಕಥೆಯದು, ನೊರೆ ಕಂಪನಿಯದು! ನಮ್ಮಲ್ಲಿ 1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾದಾಗ ಸಾಬೂನಿನ ಜಾಗಕ್ಕೆ ನೂಡಲ್ಸ್ ಬಂತು. ಮನೋಹರ ಶ್ಯಾಮ ಜೋಶಿ ಬರೆದ ಆ ಕಥೆ 150ಕ್ಕೂ ಹೆಚ್ಚು ಕಂತು ನಡೆಯಿತು. ಅದೇ ವರ್ಷ ಶರದ್ ಜೋಶಿ ಬರೆದ 'ಯೇ ಜೋ ಹೈ ಜಿಂದಗಿ' ಬಂದು, ಕಂತುಗಳಲ್ಲಿ ನಗಿಸಲೂ ಸಾಧ್ಯ ಎಂದು ತೋರಿಸಿತು.

ನಮ್ಮ ವಿಷಯಕ್ಕೆ ಹತ್ತಿರವಾದದ್ದು 1986ರ 'ನುಕ್ಕಡ್'. ಕುಂದನ್ ಶಾ ಮತ್ತು ಸಯೀದ್ ಮಿರ್ಜಾ ನಿರ್ದೇಶಿಸಿದ ಈ ಧಾರಾವಾಹಿಯ ನಾಯಕ ಒಬ್ಬ ವ್ಯಕ್ತಿಯಲ್ಲ, ಒಂದು ಬೀದಿಯ ಮೂಲೆ. ವಿದ್ಯುತ್ ಕೆಲಸದ ಗುರು, ಹೋಟೆಲಿನ ಖಾದರ್ ಭಾಯ್, ಸೈಕಲ್ ರಿಪೇರಿಯ ಹರಿ, ಟೀಚರಮ್ಮ, ಹವಾಲ್ದಾರ ಗಣಪತ್, ಕುಡುಕ ಖೋಪ್ಡಿ. ಇವರಲ್ಲಿ ಯಾರಿಗೂ ಬೇರೆ ಕಡೆ ಹೋಗಲು ಜಾಗವಿಲ್ಲ. ಹೋಗಲಾಗದವರು ಒಂದೆಡೆ ಸೇರಿದರೆ ಕಥೆ ತಾನಾಗಿ ಹುಟ್ಟುತ್ತದೆ.

ಕನ್ನಡವೂ ಹಿಂದೆ ಬಿದ್ದಿಲ್ಲ. ದೂರದರ್ಶನದ ಕಾಲದಲ್ಲಿ ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ಇತ್ತು. ಆಮೇಲೆ, 2000ದ ಕೊನೆಯಲ್ಲಿ ಆರಂಭವಾದ ಈಟಿವಿಯಲ್ಲಿ ಸಿಹಿಕಹಿ ಚಂದ್ರು ಬಳಗದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಬಂದವು. ಜನ ಕೆಲಸ ಬಿಟ್ಟು ನೋಡಿದರು. ಆದರೆ ಆ ಮನೆಗಳೆಲ್ಲ ಬೆಂಗಳೂರಿನವು, ಮಾತು ಬೆಂಗಳೂರಿನದು. ಶಂಕರ್ ನಾಗ್ ಆಗುಂಬೆಗೆ ಬಂದು ಅದನ್ನೇ ಮಾಲ್ಗುಡಿ ಮಾಡಿದರು, ಊರು ನಮ್ಮ ಘಟ್ಟದ ಮೇಲಿನದು. ಮಾತು ಹಿಂದಿ, ಇಂಗ್ಲಿಷ್.

ಇತ್ತ ನಮ್ಮ ಮಾತು ತೆರೆಯ ಮೇಲೆ ಎಲ್ಲಿತ್ತು? ಹೆಚ್ಚಾಗಿ ಅಡುಗೆಮನೆಯಲ್ಲಿ, ಇಲ್ಲವೇ ಹೋಟೆಲಿನ ಗಲ್ಲಾದ ಹಿಂದೆ. ಭಟ್ಟರು 'ಎಂತಾ ಮಾರಾಯ್ರೆ' ಎಂದರೆ ಸಾಕು, ಸಭೆ ನಗಬೇಕು. ಹೇಳಿದ್ದೇನು ಎಂಬುದು ಯಾರಿಗೂ ಮುಖ್ಯವಲ್ಲ. ಹೇಳಿದ ರಾಗವೇ ನಗೆ!

ರಾಜನ ಮಾತು, ಹಾಸ್ಯಗಾರನ ಮಾತು

ಈ ನಗೆ ಕುಂದಾಪುರದ ಕಡೆಯವರಿಗೆ ಹೊಸತೇನಲ್ಲ, ಆದರೆ ಮೂಲದಲ್ಲಿ ಅದರ ಅರ್ಥವೇ ಬೇರೆ ಇತ್ತು. ಬಡಗುತಿಟ್ಟಿನ ಆಟ ನೋಡಿದವರಿಗೆ ಇದು ಗೊತ್ತು. ರಂಗಸ್ಥಳದಲ್ಲಿ ಕೌರವ, ಕೃಷ್ಣ, ಸುಧನ್ವ ಎಲ್ಲರೂ ಗ್ರಾಂಥಿಕ ಕನ್ನಡ ಆಡುತ್ತಾರೆ. ಊರಿನ ಕನ್ನಡ ಆಡುವವನು ಹಾಸ್ಯಗಾರ ಒಬ್ಬನೇ. ಅವನು ದೂತ, ಚಾರಕ, ಮುದುಕ, ಜೋಯಿಸ. ಆದರೆ ಗಮನಿಸಿ: ರಾಜನ ಬಂಡವಾಳ ಬಯಲಾಗುವುದು ಅವನ ಬಾಯಿಯಿಂದಲೇ. ಬೆಳಗಿನ ಜಾವ ಮೂರಕ್ಕೆ ತೂಕಡಿಸುವ ಸಭೆಯನ್ನು ಎಬ್ಬಿಸಿ ಕೂರಿಸುವವನೂ ಅವನೇ. ಕುಂಜಾಲು ರಾಮಕೃಷ್ಣ ನಾಯಕರಂಥವರು ರಂಗಕ್ಕೆ ಬಂದರೆಂದರೆ ಜನ ನಕ್ಕದ್ದು ಭಾಷೆ ಕಂಡಲ್ಲ, ಆ ಭಾಷೆ ಕಂಡುಹಿಡಿದ ಸತ್ಯ ಕಂಡು.

ಅಂದರೆ ಯಕ್ಷಗಾನದಲ್ಲಿ ಕುಂದಾಪ್ರ ಕನ್ನಡ ನಗೆಪಾಟಲಿನ ಭಾಷೆಯಲ್ಲ, ನಗುವ ಅಧಿಕಾರ ಪಡೆದ ಭಾಷೆ. ಸಿನಿಮಾ, ಟಿ.ವಿ.ಗಳು ಬಂದಾಗ ರಾಗ ಉಳಿಯಿತು, ಅಧಿಕಾರ ಹೋಯಿತು.

ಇನ್ನೊಂದು ಮಾತು. 'ಹೋಪುದು', 'ಬಪ್ಪುದು', 'ಉಂಬುದು', 'ಕಾಂಬುದು' ಎಂದಾಗ ಬೇರೆ ಊರಿನವರು ನಗುವುದುಂಟು. ಹಳಗನ್ನಡ ಓದಿದವರು ನಗಲಾರರು. ಪೋಪ, ಬರ್ಪ, ಉಣ್ಬ, ಕಾಣ್ಬ ಎಂಬ ರೂಪಗಳು ಪಂಪನ ಕಾಲದ ಕನ್ನಡದವು. ಹೊಸಗನ್ನಡ ಅವನ್ನು ಕೈಬಿಟ್ಟಿತು. ಮೀನು ಬುಟ್ಟಿ ಹೊತ್ತ ಹೆಂಗಸು, ಗಂಟಿ ಅಟ್ಟುವ ಹುಡುಗ ಕೈಬಿಡಲಿಲ್ಲ. ವೈದೇಹಿಯವರು ಇದೇ ಮಾತಿನಲ್ಲಿ ಹೆಣ್ಣುಮಕ್ಕಳ ಒಳಗಿನ ಸಂಕಟವನ್ನು ಬರೆದರು. ಅವರ ಕಥೆಗಳನ್ನು ಆಧರಿಸಿ ಚಂಪಾ ಶೆಟ್ಟಿ 'ಅಮ್ಮಚ್ಚಿಯೆಂಬ ನೆನಪು' ಚಿತ್ರ ಮಾಡಿದ್ದು 2018ರಲ್ಲಿ. ಅಲ್ಲಿ ಭಾಷೆ ಕೇಳಿ ಯಾರೂ ನಗಲಿಲ್ಲ. ಅಳುವುದಕ್ಕೂ ಬರುವ ಭಾಷೆಯಲ್ಲಿ ಮಾತ್ರ ಒಳ್ಳೆಯ ನಗೆ ಹುಟ್ಟೀತು.

ದಾರಿ ಹಾಕಿಕೊಟ್ಟವರು

ಸ್ವಂತ ಬಲದ ಮೇಲೆ ಚಿತ್ರ ಮಾಡುವ ಹುಚ್ಚು ಈ ಸೀಮೆಗೆ ಹಳೆಯದು. ತೆಕ್ಕಟ್ಟೆಯ ಪಕ್ಕದ ಕೋಟದವರಾದ ಶಿವರಾಮ ಕಾರಂತರು 1930ರ ಸುಮಾರಿಗೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ಮಾಡಿದ್ದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ ಎಂಬುದನ್ನು ನೆನೆದರೆ ಆ ಸಾಹಸದ ಅಳತೆ ತಿಳಿಯುತ್ತದೆ.

ರಂಗದ ಮೇಲೆ, 'ಕುಳ್ಳಪ್ಪು' ಎಂದೇ ಜನ ಕರೆದ ಬಾಲಕೃಷ್ಣ ಪೈಗಳ ರೂಪಕಲಾ ತಂಡದ 'ಮೂರು ಮುತ್ತು' ನಾಟಕ ನೂರಾರು ಪ್ರದರ್ಶನ ಕಂಡಿತು. ಒಮ್ಮೆ ನೋಡಿದವರೇ ಮತ್ತೆ ಮತ್ತೆ ನೋಡಿದರು. ಮುಂದಿನ ಮಾತು ಗೊತ್ತಿದ್ದೂ ನಕ್ಕರು. ಧಾರಾವಾಹಿಯ ಗುಟ್ಟೂ ಇದೇ ಅಲ್ಲವೇ? ಪಾತ್ರ ಪರಿಚಯವಾದಷ್ಟೂ ನಗೆ ಹೆಚ್ಚು. 2014ರಲ್ಲಿ ಬಸ್ರೂರಿನ ರವಿ ಬಸ್ರೂರು 'ಗರ್ಗರ್ ಮಂಡ್ಲ' ಎಂಬ ಕುಂದಾಪ್ರ ಕನ್ನಡದ ಚಿತ್ರ ತಂದರು. 2019ರ 'ಗಿರ್ಮಿಟ್'ನಲ್ಲಿ ದೊಡ್ಡವರ ಪಾತ್ರಗಳನ್ನೆಲ್ಲ ಮಕ್ಕಳಿಂದ ಮಾಡಿಸಿದರು. ಮನು ಹಂದಾಡಿಯವರು ಒಂದು ಮೈಕು ಹಿಡಿದು ಈ ಮಾತಿನಲ್ಲೇ ಸಭೆ ತುಂಬಿಸಿದರು. 2019ರಿಂದ ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನವೂ ನಡೆಯುತ್ತಿದೆ. 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿ 'ಕಾಂತಾರ' ಮಾಡಿದಾಗ ಕರಾವಳಿಯ ಮಾತು ಯಾರಿಗೂ ಅಡ್ಡಿಯಾಗಲಿಲ್ಲ. ಅರ್ಥವಾಗದ ಮಾತು ಎಂಬ ನೆಪ ಅಂದಿಗೆ ಮುಗಿಯಿತು.

ದೂರದ ಉದಾಹರಣೆ ಬೇಕೆನ್ನುವವರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ 'ಕೊರೊನೇಷನ್ ಸ್ಟ್ರೀಟ್' ಇದೆ. ಬರೆದವನು ಟೋನಿ ವಾರನ್, ಆಗ ವಯಸ್ಸು 24. ಉತ್ತರ ಇಂಗ್ಲೆಂಡಿನ ಕೂಲಿಕಾರರ ಒಂದು ಬೀದಿ, ಮೂಲೆಯಲ್ಲೊಂದು ಮದ್ಯದಂಗಡಿ, ಲಂಡನ್ನಿನವರು ಮೂಗು ಮುರಿಯುವ ಉಚ್ಚಾರ. 13 ಕಂತಿಗೆಂದು ಒಪ್ಪಿಗೆ ಸಿಕ್ಕಿತು. 1960ರ ಡಿಸೆಂಬರ್ 9ರಂದು ಆರಂಭವಾದದ್ದು ಆರು ದಶಕ ದಾಟಿದರೂ ನಡೆದಿದೆ! ಅಲ್ಲಿ ಎಲ್ಲರೂ ಒಂದೇ ಉಚ್ಚಾರದವರು. ಆದ್ದರಿಂದ ಉಚ್ಚಾರವನ್ನು ಕಂಡು ನಗುವ ಪ್ರಶ್ನೆಯೇ ಬರಲಿಲ್ಲ. ನಗಬೇಕಾದರೆ ಜನರ ಹಟ, ಬಡಾಯಿ, ಜಿಪುಣತನ ಕಂಡೇ ನಗಬೇಕಾಯಿತು.

ತೆಕ್ಕಟ್ಟೆಯ ಧಾರಾವಾಹಿಗೂ ಇದೇ ಮೊದಲ ನಿಯಮ. ಬ್ಯಾಂಕಿನ ಮ್ಯಾನೇಜರ್, ಡಾಕ್ಟರಮ್ಮ, ಸೊಸೈಟಿ ಅಧ್ಯಕ್ಷ, ಎಲ್ಲರೂ ಕುಂದಾಪ್ರ ಕನ್ನಡವನ್ನೇ ಆಡಲಿ. ಆಗ ಬರೆಯುವವನಿಗೆ ಸುಲಭದ ನಗೆ ಕೈತಪ್ಪುತ್ತದೆ. ನಿಜವಾದ ನಗೆಯನ್ನು ಹುಡುಕಲೇಬೇಕಾಗುತ್ತದೆ.

ಕಂತು ಹುಟ್ಟುವ ಬಗೆ

ಒಂದು ಕಲ್ಪನೆಯ ಕಂತನ್ನೇ ನೋಡೋಣ. ಹೆದ್ದಾರಿ ಅಗಲವಾದ ಮೇಲೆ ಬಸ್ಸಿನ ತಂಗುದಾಣ ಎಲ್ಲಿರಬೇಕೆಂಬ ಚರ್ಚೆ ಎದ್ದಿದೆ. ಹೋಟೆಲಿನವನಿಗೆ ಅದು ತನ್ನ ಬಾಗಿಲಲ್ಲಿರಬೇಕು. ರಿಕ್ಷಾದವನಿಗೆ ಅದು ಆದಷ್ಟು ದೂರವಿರಬೇಕು. ಹತ್ತಿರವಾದರೆ ಬಾಡಿಗೆ ಎಲ್ಲಿಂದ ಬರಬೇಕು? ಮೀನಿನ ಬುಟ್ಟಿಯವಳಿಗೆ ನೆರಳು ಇದ್ದಲ್ಲಿ ಸಾಕು. ನಿವೃತ್ತ ಮಾಸ್ತರು ಅರ್ಜಿ ಬರೆಯುತ್ತಾರೆ. ಬರೆದದ್ದನ್ನು ತಿದ್ದುತ್ತಾರೆ, ತಿದ್ದಿದ್ದನ್ನು ಮತ್ತೆ ತಿದ್ದುತ್ತಾರೆ, ಅಲ್ಪಪ್ರಾಣ ಮಹಾಪ್ರಾಣ ಸರಿಯಾಗುವವರೆಗೆ ಸಹಿ ಹಾಕಬಾರದೆಂದು ಹಟ ಹಿಡಿಯುತ್ತಾರೆ. ಬೆಂಗಳೂರಿನ ಹೋಟೆಲಿನಿಂದ ರಜೆಗೆ ಬಂದವನು "ನಮ್ಮಲ್ಲಿ ಹಾಗಲ್ಲ" ಎಂದು ನಾಲ್ಕು ಸಲ ಹೇಳುತ್ತಾನೆ. ಕೊನೆಗೆ ಅಧಿಕಾರಿ ಬಂದಾಗ ಅರ್ಜಿ ಇನ್ನೂ ಮಾಸ್ತರ ಕಿಸೆಯಲ್ಲೇ ಇದೆ. ತಂಗುದಾಣ ಯಾರಿಗೂ ಬೇಡವಾದ ಜಾಗಕ್ಕೆ ಬೀಳುತ್ತದೆ. ಮರುದಿನ ಎಲ್ಲರೂ ಅಲ್ಲೇ ಕೂತು ಹರಟುತ್ತಿದ್ದಾರೆ!

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಪ್ರತಿಯೊಬ್ಬನಿಗೂ ಒಂದು ಬೇಕು ಇದೆ, ಒಂದು ಹಟ ಇದೆ, ಅದನ್ನು ಬಿಡಲಾರ. ಆರು ಪಾತ್ರ, ಆರು ಹಟ, ಒಂದು ಕಟ್ಟೆ. ಇಷ್ಟಿದ್ದರೆ ಹದಿಮೂರು ಕಂತಿಗೆ ಬರಗಾಲವಿಲ್ಲ. ದೂರದರ್ಶನದ ಕಾಲದಲ್ಲಿ ಒಪ್ಪಿಗೆ ಸಿಗುತ್ತಿದ್ದದ್ದೂ ಹದಿಮೂರರ ಲೆಕ್ಕದಲ್ಲೇ: ವಾರಕ್ಕೊಂದರಂತೆ ವರ್ಷದ ಕಾಲು ಭಾಗ. ಈಗಲೂ ಒಳ್ಳೆಯ ಲೆಕ್ಕವೇ. ಹದಿಮೂರನ್ನೂ ಬರೆದು ಮುಗಿಸಿದ ಮೇಲೆಯೇ ಮೊದಲನೆಯದನ್ನು ಚಿತ್ರಿಸಬೇಕು. ಎರಡು ಕಂತು ತೋರಿಸಿ ಮೂರನೆಯದಕ್ಕೆ ಕಥೆ ಹುಡುಕಲು ಹೊರಟರೆ ಅಲ್ಲಿಗೇ ಮಂಗಳ.

ಲೆಕ್ಕವೂ ಸರಳ. ಸಂಭಾಷಣೆಯ ಒಂದು ಪುಟ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ಹನ್ನೆರಡು ನಿಮಿಷದ ಕಂತಿಗೆ ಹನ್ನೆರಡು ಪುಟ. ಹವ್ಯಾಸಿಗಳು ದಿನಕ್ಕೆ ಆರು ಪುಟ ಮುಗಿಸಿದರೆ ಕಂತಿಗೆ ಎರಡು ದಿನ, ಹದಿಮೂರಕ್ಕೆ 26 ದಿನ. ಎಲ್ಲರೂ ಉದ್ಯೋಗಸ್ಥರು, ಸಿಗುವುದು ಭಾನುವಾರ ಮಾತ್ರ ಎಂದರೆ ಸರಿಯಾಗಿ ಅರ್ಧ ವರ್ಷ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಜೂನ್‌ನಿಂದ ಸೆಪ್ಟೆಂಬರ್ ಬರೆಯುವುದಕ್ಕೆ, ಅಕ್ಟೋಬರ್ ನಂತರ ಚಿತ್ರಿಸುವುದಕ್ಕೆ. ಆದರೆ ಬಿಸಿಲು ಬಂತೆಂದರೆ ಮೇಳಗಳು ಹೊರಡುತ್ತವೆ, ಮದುವೆ, ಕೋಲ, ಜಾತ್ರೆ ಶುರುವಾಗುತ್ತವೆ. ಹಾಸ್ಯಪಾತ್ರದವನು ರಾತ್ರಿಯಿಡೀ ಆಟ ಕುಣಿದು ಬೆಳಿಗ್ಗೆ ಒಂಬತ್ತಕ್ಕೆ ಚಿತ್ರೀಕರಣಕ್ಕೆ ಬಂದರೆ ಕಣ್ಣು ತೆರೆದಿರಬೇಕಲ್ಲ! ಭಾನುವಾರಗಳ ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸದಿದ್ದರೆ ಕೆಲಸ ಕೆಟ್ಟಿತು.

ಚಿತ್ರಕ್ಕಿಂತ ದೊಡ್ಡ ಕಷ್ಟ ಧ್ವನಿ. ರಾಷ್ಟ್ರೀಯ ಹೆದ್ದಾರಿ 66 ಪೇಟೆಯ ನಡುವೆಯೇ ಹಾದಿದೆ. ಲಾರಿಯ ಹಾರನ್ನು, ಕಾಗೆಯ ಕೂಗು, ಐಸ್‌ಕ್ಯಾಂಡಿಯವನ ಪಾಂ ಪಾಂ, ಎಲ್ಲ ಮೊಬೈಲಿನ ಮೈಕಿಗೆ ಒಂದೇ. ಮಂದವಾದ ಚಿತ್ರವನ್ನು ಜನ ಕ್ಷಮಿಸುತ್ತಾರೆ, ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ಕೊನೆಯ ಸ್ವರವನ್ನು ನುಂಗಿ ಆಡುವ ಕುಂದಾಪ್ರ ಕನ್ನಡಕ್ಕಂತೂ ಒಂದು ಅಕ್ಷರ ತಪ್ಪಿದರೆ ಹಾಸ್ಯವೇ ತಪ್ಪಿತು. ಕೈಯಲ್ಲಿರುವ ದುಡ್ಡಿನ ಮೊದಲ ಪಾಲು ಅಂಗಿಗೆ ಸಿಕ್ಕಿಸುವ ಮೈಕುಗಳಿಗೆ ಹೋಗಲಿ. ಕಟ್ಟೆಯನ್ನು ಹೆದ್ದಾರಿಯಿಂದ ಒಳಗೆ, ಕೊಮೆಯ ಕಡಲ ಕಡೆಗೋ ಮಲ್ಯಾಡಿಯ ಗದ್ದೆಗಳ ಕಡೆಗೋ ಸರಿಸಿಕೊಂಡರೂ ನಷ್ಟವಿಲ್ಲ. ಮಲ್ಯಾಡಿಯಲ್ಲಿ ಮಣ್ಣು ತೆಗೆದ ಹೊಂಡಗಳಲ್ಲಿ ನೀರು ನಿಂತು ಹಕ್ಕಿಗಳು ನೆಲೆಸಿವೆ. ಅವುಗಳ ಸದ್ದು ಲಾರಿಯಷ್ಟು ಕಾಡದು.

ನಟರಿಗೆ ಬರವಿಲ್ಲ. ತೆಕ್ಕಟ್ಟೆಯ ಕೊಮೆಯಲ್ಲೇ ಯಶಸ್ವೀ ಕಲಾವೃಂದ ಎರಡು ದಶಕಕ್ಕೂ ಮಿಕ್ಕಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತ ಬಂದಿದೆ. ಬೈಂದೂರಿನಲ್ಲಿ ಲಾವಣ್ಯ, ಕುಂದಾಪುರದಲ್ಲಿ ಸಮುದಾಯದಂಥ ತಂಡಗಳು ರಂಗವನ್ನು ಬಿಡದೆ ಹಿಡಿದಿವೆ. 1975ರಲ್ಲಿ ಸಾಲಿಗ್ರಾಮದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಶ್ರೀಧರ ಹಂದೆ ಕಟ್ಟಿದ ಮಕ್ಕಳ ಮೇಳ ಎಷ್ಟು ತಲೆಮಾರಿನ ಮಕ್ಕಳಿಗೆ ಬಣ್ಣ ಹಚ್ಚಿತು! ಊರಿನವರೇ ಸೇರಿ ಕಟ್ಟಿದ್ದು ಬಾಳುವುದಿಲ್ಲ ಎಂದು ಈ ಸೀಮೆಯಲ್ಲಿ ಹೇಳುವಂತಿಲ್ಲ.

ಹಣ ಕೊಟ್ಟವನು, ಪಕ್ಕದ ಮನೆಯವನು

ಮಾಡುವುದು ಅರ್ಧ, ತಲಪಿಸುವುದು ಇನ್ನರ್ಧ. ಇದಕ್ಕೆ 'ಏಕಂ' ಸಾಕ್ಷಿ. ಕರಾವಳಿಯ ಏಳು ಕಥೆಗಳ ಆ ಸರಣಿ 2020ರಲ್ಲಿ ಶುರುವಾಗಿ ಮರುವರ್ಷ ಮುಗಿಯಿತು. ರಕ್ಷಿತ್ ಶೆಟ್ಟಿಯವರ ಹೆಸರಿತ್ತು, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯವರಂಥ ನಟರಿದ್ದರು. ಆದರೂ ದೊಡ್ಡ ಅಂತರ್ಜಾಲ ವೇದಿಕೆಗಳು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈಯಲ್ಲಿ ಮಾಡಿದವರೇ ತಮ್ಮದೊಂದು ತಾಣ ತೆರೆದು ಜನರ ಮುಂದಿಟ್ಟರು. ಅಷ್ಟು ದೊಡ್ಡವರಿಗೇ ಹೀಗಾದರೆ ತೆಕ್ಕಟ್ಟೆಯ ಹುಡುಗರ ಗತಿ ಏನು ಎನ್ನಬಹುದು. ಹಾಗೆ ನೋಡಿದರೆ ಸಣ್ಣವರಿಗೆ ಒಂದು ಅನುಕೂಲವಿದೆ: ಮಾರಬೇಕಾದಷ್ಟು ದೊಡ್ಡ ಸಾಲ ಅವರ ತಲೆಯ ಮೇಲಿಲ್ಲ.

ಹಣದ ದಾರಿಯನ್ನೂ ಆಟದಿಂದಲೇ ಕಲಿಯಬಹುದು. ಹರಕೆಯಾಟ ಆಡಿಸುವ ಮನೆಯವರು ಒಂದು ರಾತ್ರಿಯ ಖರ್ಚು ಹೊರುತ್ತಾರೆ, ಕರಪತ್ರದಲ್ಲಿ ಹೆಸರು ಬರುತ್ತದೆ, ಮೊದಲ ಸಾಲಿನಲ್ಲಿ ಕುರ್ಚಿ ಸಿಗುತ್ತದೆ. ಹಾಸ್ಯಗಾರ ಏನು ಹೇಳಬೇಕೆಂದು ಅವರು ಹೇಳುವುದಿಲ್ಲ. ಹಾಗೆಯೇ ಒಂದು ಕಂತಿಗೆ ಒಂದು ಮನೆ, ಒಂದು ಅಂಗಡಿ, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಒಬ್ಬ ಊರಿನವ. ಇಡೀ ಹದಿಮೂರನ್ನೂ ಒಬ್ಬನೇ ಕೊಂಡರೆ ಮಾತ್ರ ಅಪಾಯ. ಆಗ ಹೋಟೆಲಿನವನ ಪಾತ್ರ ಇದ್ದಕ್ಕಿದ್ದಂತೆ ಉದಾರಿಯಾಗಿಬಿಡುತ್ತದೆ!

ಹಣಕ್ಕಿಂತ ಸೂಕ್ಷ್ಮವಾದದ್ದು ನೆರೆಹೊರೆ. ಬೆಂಗಳೂರಿನ ಧಾರಾವಾಹಿಯವನಿಗೆ ತನ್ನ ಪಾತ್ರದ ಮೂಲವ್ಯಕ್ತಿ ನಾಳೆ ಎದುರಾಗುತ್ತಾನೆಂಬ ಭಯವಿಲ್ಲ. ತೆಕ್ಕಟ್ಟೆಯಲ್ಲಿ ಅವನು ಅದೇ ಸಂಜೆ ಎದುರಾಗುತ್ತಾನೆ. "ಅದ್ ನಾನಾ?" ಎಂದು ಕೇಳುತ್ತಾನೆ. ಆದ್ದರಿಂದಲೇ ಆರ್.ಕೆ. ನಾರಾಯಣರು ಮಾಲ್ಗುಡಿ ಕಟ್ಟಿದರು, ಟೋನಿ ವಾರನ್ ಬೀದಿಗೆ ನಕ್ಷೆಯಲ್ಲಿಲ್ಲದ ಊರು ಹುಡುಕಿಕೊಂಡ. ಊರಿಗೊಂದು ಕಲ್ಪಿತ ಹೆಸರಿಡಬೇಕು. ಮೂವರನ್ನು ಕಲಸಿ ಒಬ್ಬನನ್ನು ಮಾಡಬೇಕು. ಜಾತಿ, ಮೈಕಟ್ಟು, ಅಂಗವೈಕಲ್ಯ, ಬಡತನ ಇವು ಹಾಸ್ಯದ ಸರಕಲ್ಲ. ಹಮ್ಮು, ಸೋಗು, ಜಿಪುಣತನ, ಅಧಿಕಾರದ ಠೇಂಕಾರ ಬೇಕಾದಷ್ಟಿವೆ. ಹಾಸ್ಯಗಾರ ಮೇಲಿನವನನ್ನು ಇಳಿಸಿದ್ದು ಉಂಟು, ಕೆಳಗಿನವನನ್ನು ತುಳಿದರೆ ಅದು ಹಾಸ್ಯವಾಗಿ ಉಳಿಯುವುದಿಲ್ಲ.

ಇದಕ್ಕೆ ಒಂದು ಪರೀಕ್ಷೆಯೂ ಇದೆ. ಕಂತನ್ನು ಫೋನಿಗೆ ಬಿಡುವ ಮೊದಲು ಊರಿನಲ್ಲೇ, ಶಾಲೆಯ ಅಂಗಳದಲ್ಲೋ ಸಭಾಭವನದಲ್ಲೋ, ಪರದೆ ಕಟ್ಟಿ ತೋರಿಸಲಿ. ಮೀನಿನವಳು ಮೊದಲ ಸಾಲಿನಲ್ಲಿರಲಿ, ಮಾಸ್ತರರು ಇರಲಿ, ರಿಕ್ಷಾದವರೂ ಇರಲಿ. ಯಾರ ಕಥೆ ಹೇಳಿದಿರೋ ಅವರು ನಕ್ಕರೆ ಗೆದ್ದಿರಿ. ಅವರು ಸುಮ್ಮನಿದ್ದು ಬೇರೆ ಊರಿನವರು ಮಾತ್ರ ನಕ್ಕರೆ, ಎಷ್ಟು ಲಕ್ಷ ಜನ ನೋಡಿದರೂ ಆ ಕಂತು ಸೋತಿತು.

ಕುಂದಾಪ್ರ ಕನ್ನಡ ಆಡುವ ಮನೆಗಳ ಮಕ್ಕಳು ಇವತ್ತು ಶಾಲೆಯಲ್ಲಿ ಒಂದು ಮಾತು, ಬೆಂಗಳೂರಿನ ಕೆಲಸದಲ್ಲಿ ಇನ್ನೊಂದು ಮಾತು ಕಲಿಯುತ್ತಾರೆ. 'ಹೋಪುದು' ಎಂದವನು ಒಮ್ಮೆ ನಗೆಗೀಡಾದರೆ ಮರುದಿನ 'ಹೋಗೋದು' ಎನ್ನುತ್ತಾನೆ. ಭಾಷೆಗಳು ಸೋಲುವುದು ಹೀಗೆ, ಒಂದೊಂದು ಕ್ರಿಯಾಪದವಾಗಿ. ಹನ್ನೆರಡು ನಿಮಿಷದ ಒಂದು ಕಂತು ಅದನ್ನು ತಡೆದು ನಿಲ್ಲಿಸೀತು ಎಂದು ಹೇಳುವುದು ಅತಿಯಾದೀತು. ಆದರೆ ಡಾಕ್ಟರಮ್ಮನೂ ಮ್ಯಾನೇಜರನೂ 'ಹೋಪುದು' ಎನ್ನುವ ಒಂದು ಕಟ್ಟೆ ತೆರೆಯ ಮೇಲಿದ್ದರೆ, ಆ ಹುಡುಗನಿಗೆ ಮಾತು ಬದಲಿಸುವ ಮೊದಲು ಒಂದು ಕ್ಷಣ ಯೋಚಿಸಲು ಕಾರಣವಾದರೂ ಸಿಕ್ಕೀತು.

ಮಳೆಗಾಲ ದೀರ್ಘವಾದದ್ದು. ಕಾಗದ, ಪೆನ್ನಿಗೆ ಬಂಡವಾಳ ಬೇಕಿಲ್ಲ. ಮೊದಲ ಪುಟದ ಮೊದಲ ಮಾತಂತೂ ಕಟ್ಟೆಯ ಮೇಲೆ ಸಿದ್ಧವಾಗಿಯೇ ಇದೆ: "ಹ್ವಾಯ್, ಎಲ್ಲಿಗ್ ಹೊರ್ಟದ್ದ್?"